ಸಿಎ ಫೈನಲ್ ಅಡ್ವಾನ್ಸ್ಡ್ ಆಡಿಟಿಂಗ್: ಎಸ್‌ಎ ಎಲ್ಲ ಓದಿಯೂ ಅಂಕ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಗುಬ್ಬಿ_ಲೆಡ್ಜರ್

ಎಲ್ಲರಿಗೂ ನಮಸ್ಕಾರ. ಹೊಸ ಸ್ಕೀಮ್, ಗ್ರೂಪ್ 1, ಮೂರನೇ ಪೇಪರ್ ಬಗ್ಗೆ ಕೇಳುತ್ತಿದ್ದೇನೆ. ಎಸ್‌ಎಗಳು (ಸ್ಟ್ಯಾಂಡರ್ಡ್ಸ್ ಆನ್ ಆಡಿಟಿಂಗ್, ಅಂದರೆ ಆಡಿಟ್ ಮಾನದಂಡಗಳು) ಒಂದು ಸುತ್ತು, ಎಥಿಕ್ಸ್ ಎರಡು ಸುತ್ತು ಮುಗಿದಿವೆ. ಪ್ರಶ್ನೆ ಓದಿದ ಕೂಡಲೇ ಯಾವ ಎಸ್‌ಎ ಅಂತ ಹೊಳೆಯುತ್ತದೆ. ಆದರೂ ಮಾಕ್ ಟೆಸ್ಟ್‌ಗಳಲ್ಲಿ ಬರವಣಿಗೆಯ ಭಾಗಕ್ಕೆ 70ರಲ್ಲಿ 25 ದಾಟುತ್ತಿಲ್ಲ, ಕೊನೆಯ ಪ್ರಶ್ನೆ ಅರ್ಧಕ್ಕೇ ನಿಲ್ಲುತ್ತದೆ. ಉತ್ತರ ಹೇಗೆ ಕಟ್ಟಬೇಕು, ಕ್ಯಾರೊ (ಕಂಪನಿಯ ಆಡಿಟ್ ವರದಿಯಲ್ಲಿ ಏನೇನು ಹೇಳಬೇಕೆಂಬ ಆದೇಶ) ಮತ್ತು ಎಥಿಕ್ಸ್ ಕ್ಲಾಸ್‌ಗಳು (ಕಲಮುಗಳು) ಕಲಸಿಹೋಗದಂತೆ ಹೇಗೆ ಓದಬೇಕು, ಬ್ಯಾಂಕ್ ಆಡಿಟ್‌ನಲ್ಲಿ ಎಷ್ಟು ಸಾಕು? ವಿವರವಾಗಿ ಹೇಳಿದರೆ ಉಪಕಾರ.

ಹಸಿರುಪೆನ್ನು

ಮೊದಲು ಸಮಯದ ಲೆಕ್ಕ ಸರಿ ಮಾಡಿಕೊಳ್ಳಿ. 100ರಲ್ಲಿ 30 ಅಂಕ ಎಂಸಿಕ್ಯು, ತಲಾ 2 ಅಂಕ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಉಳಿದ 70ಕ್ಕೆ ಆರು ಪ್ರಶ್ನೆ: ಮೊದಲನೆಯದು ಕಡ್ಡಾಯ, ಮಿಕ್ಕ ಐದರಲ್ಲಿ ನಾಲ್ಕು, ಒಂದೊಂದಕ್ಕೆ 14. ಆ 14 ಸಾಮಾನ್ಯವಾಗಿ 5, 5, 4 ಎಂದು ಒಡೆದಿರುತ್ತದೆ. 180 ನಿಮಿಷದಲ್ಲಿ ಎಂಸಿಕ್ಯುಗೆ 45, ಪ್ರಶ್ನೆಗೆ 25ರಂತೆ ಐದಕ್ಕೆ 125, ಕೈಯಲ್ಲಿ 10. ಅಂದರೆ 5 ಅಂಕದ ಉಪಪ್ರಶ್ನೆಗೆ 9 ನಿಮಿಷ, 4 ಅಂಕದ್ದಕ್ಕೆ 7. ಮೊದಲ ಎರಡು ಪ್ರಶ್ನೆಗೆ ಎಂಬತ್ತು ನಿಮಿಷ ಸುರಿದು ಕೊನೆಯದಕ್ಕೆ ಹತ್ತೇ ನಿಮಿಷ ಉಳಿಸಿಕೊಳ್ಳುವುದು ಈ ಪೇಪರಿನಲ್ಲಿ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಒಂದನೇ ಪ್ರಶ್ನೆಗೆ ಒಂದು ಪುಟ ಹೆಚ್ಚು ಬರೆದರೆ ಸಿಗುವುದು ಅರ್ಧ ಅಂಕ. ಕೊನೆಯ ಪ್ರಶ್ನೆಗೆ ಆ ಪುಟ ಇಲ್ಲದಿದ್ದರೆ ಹೋಗುವುದು ನಾಲ್ಕು.

ಇನ್ನು ಉತ್ತರದ ಕಟ್ಟು. 25ರಲ್ಲೇ ನಿಲ್ಲುವ ಉತ್ತರಪತ್ರಿಕೆಗಳಲ್ಲಿ ಎಸ್‌ಎ ಇರುತ್ತದೆ, ತೀರ್ಪು ಇರುವುದಿಲ್ಲ. ಉದಾಹರಣೆಗೆ ಹೀಗೊಂದು ಪ್ರಶ್ನೆ: ಲಿಸ್ಟೆಡ್ ಕಂಪನಿಯೊಂದರ ದೊಡ್ಡ ಸಾಲ ಬ್ಯಾಲೆನ್ಸ್ ಶೀಟ್ ತಾರೀಖಿನಿಂದ ಏಳು ತಿಂಗಳಿಗೆ ತೀರಬೇಕು, ಬ್ಯಾಂಕ್ ನವೀಕರಣಕ್ಕೆ ಒಪ್ಪಿಲ್ಲ, ಇದನ್ನೆಲ್ಲ ನೋಟ್ಸ್‌ನಲ್ಲಿ ಸರಿಯಾಗಿ ತಿಳಿಸಿದ್ದಾರೆ, ಗೋಯಿಂಗ್ ಕನ್ಸರ್ನ್ (ವ್ಯವಹಾರ ಮುಂದುವರಿಯುತ್ತದೆ ಎಂಬ) ಆಧಾರವೂ ಸೂಕ್ತವೇ. ಆಡಿಟರ್ ವರದಿಯಲ್ಲಿ ಏನು ಮಾಡಬೇಕು?

ಹೆಚ್ಚಿನವರು ಎಸ್‌ಎ 570ರ ಉದ್ದೇಶ, ಮ್ಯಾನೇಜ್‌ಮೆಂಟ್ ಹೊಣೆ, ಸೂಚಕಗಳ ಪಟ್ಟಿ ಎಂದು ಒಂದು ಪುಟ ತುಂಬಿಸುತ್ತಾರೆ. ಕೇಳಿದ್ದು ಅದಲ್ಲ. ಬೇಕಾದದ್ದು ಇಷ್ಟು: ಮೆಟೀರಿಯಲ್ ಅನ್‌ಸರ್ಟೆಂಟಿ (ಗಣನೀಯ ಅನಿಶ್ಚಿತತೆ) ಇದೆ, ಡಿಸ್‌ಕ್ಲೋಶರ್ ಸಾಕಷ್ಟಿದೆ, ಆದ್ದರಿಂದ ಒಪಿನಿಯನ್ ಅನ್‌ಮಾಡಿಫೈಡ್, ಅಂದರೆ ಆಕ್ಷೇಪವಿಲ್ಲದ್ದು. ಆದರೆ 'ಮೆಟೀರಿಯಲ್ ಅನ್‌ಸರ್ಟೆಂಟಿ ರಿಲೇಟೆಡ್ ಟು ಗೋಯಿಂಗ್ ಕನ್ಸರ್ನ್' ಎಂಬ ಪ್ರತ್ಯೇಕ ಶೀರ್ಷಿಕೆಯಡಿ ಸಂಬಂಧಪಟ್ಟ ನೋಟ್ ಕಡೆ ಗಮನ ಸೆಳೆಯಬೇಕು, ಈ ವಿಷಯಕ್ಕಾಗಿ ಒಪಿನಿಯನ್ ಮಾಡಿಫೈ ಆಗಿಲ್ಲ ಎಂದೂ ಹೇಳಬೇಕು. ಲಿಸ್ಟೆಡ್ ಆದ್ದರಿಂದ ಕೀ ಆಡಿಟ್ ಮ್ಯಾಟರ್ಸ್ ಭಾಗದಲ್ಲಿ ಇದನ್ನು ಮತ್ತೆ ವಿವರಿಸುವಂತಿಲ್ಲ, ಆ ಪ್ರತ್ಯೇಕ ಭಾಗವನ್ನು ಉಲ್ಲೇಖಿಸಿದರೆ ಸಾಕು. ಎಂಫಸಿಸ್ ಆಫ್ ಮ್ಯಾಟರ್ ಎಂದು ಬರೆದರೆ ತಪ್ಪು.

ಇದೇ ಪ್ರಶ್ನೆಯಲ್ಲಿ ಒಂದು ಸಂಗತಿ ಬದಲಿಸಿ ನೋಡಿ. ನೋಟ್ಸ್‌ನಲ್ಲಿ ತಿಳಿಸದಿದ್ದರೆ ಕ್ವಾಲಿಫೈಡ್ (ಒಂದು ವಿಷಯ ಬಿಟ್ಟು ಉಳಿದದ್ದು ಸರಿ) ಅಥವಾ ಅಡ್ವರ್ಸ್ (ಲೆಕ್ಕಪಟ್ಟಿಯೇ ಸರಿಯಿಲ್ಲ). ಗೋಯಿಂಗ್ ಕನ್ಸರ್ನ್ ಆಧಾರವೇ ಸಲ್ಲದ್ದಾದರೆ, ನೋಟ್ಸ್‌ನಲ್ಲಿ ಎಷ್ಟೇ ಬರೆದಿರಲಿ, ಅಡ್ವರ್ಸ್. ಎಸ್‌ಎ ಓದುವುದೆಂದರೆ ಹೀಗೆ: ಒಂದು ಸಂಗತಿ ಬದಲಾದರೆ ತೀರ್ಪು ಎತ್ತ ತಿರುಗುತ್ತದೆ ಎಂದು ಕೇಳಿಕೊಳ್ಳುತ್ತಾ ಓದಬೇಕು.

ತಾಳೆಪಟ್ಟಿ

ಹಸಿರುಪೆನ್ನು ಸರ್ ಹೇಳಿದ್ದು ಸರಿ. ಆದರೆ ಪ್ರಾವಿಷನ್ ಭಾಗವನ್ನು ಪೂರ್ತಿ ಬಿಡಬೇಡಿ. ಇನ್‌ಸ್ಟಿಟ್ಯೂಟ್ ಪ್ರಕಟಿಸುವ ಸಜೆಸ್ಟೆಡ್ ಆನ್ಸರ್‌ಗಳನ್ನು ನೋಡಿ: ಮೊದಲು ಸ್ಟ್ಯಾಂಡರ್ಡ್ ಏನು ಹೇಳುತ್ತದೆ, ಆಮೇಲೆ ಈ ಪ್ರಶ್ನೆಯ ಸಂಗತಿಗೆ ಅದು ಹೇಗೆ ಹೊಂದುತ್ತದೆ, ಕೊನೆಗೆ ತೀರ್ಮಾನ. 5 ಅಂಕಕ್ಕೆ ಮೊದಲ ಭಾಗ ನಾಲ್ಕೈದು ಸಾಲು, ಎರಡನೆಯದು ಐದಾರು ಸಾಲು, ತೀರ್ಮಾನ ಎರಡು ಸಾಲು. ತೀರ್ಮಾನಕ್ಕೆ ಬೇರೆ ಪ್ಯಾರಾ ಮಾಡಿ. ಪರೀಕ್ಷಕರ ಕಣ್ಣು ಮೊದಲು ಬೀಳುವುದು ಅಲ್ಲೇ.

ಎಸ್‌ಎ ನಂಬರ್ ಬಗ್ಗೆ ಯಾವಾಗಲೂ ಕೇಳುತ್ತಾರೆ. ನಂಬರ್ ಖಚಿತವಿದ್ದರೆ ಬರೆಯಿರಿ, ಸಂಶಯವಿದ್ದರೆ ಸ್ಟ್ಯಾಂಡರ್ಡ್‌ನ ಹೆಸರು ಬರೆಯಿರಿ. ತಪ್ಪು ನಂಬರ್ ಹಾಕುವುದಕ್ಕಿಂತ ನಂಬರ್ ಇಲ್ಲದಿರುವುದು ಮೇಲು.

ಗುಬ್ಬಿ_ಲೆಡ್ಜರ್

ಇಬ್ಬರಿಗೂ ಧನ್ಯವಾದ. ಎಂಫಸಿಸ್ ಆಫ್ ಮ್ಯಾಟರ್, ಅದರ್ ಮ್ಯಾಟರ್, ಕೀ ಆಡಿಟ್ ಮ್ಯಾಟರ್ ಈ ಮೂರೂ ಇನ್ನೂ ಗೊಂದಲವೇ. ಕ್ವಾಲಿಫೈಡ್ ಮತ್ತು ಅಡ್ವರ್ಸ್ ನಡುವೆ 'ಪರ್ವೇಸಿವ್' ಅನ್ನುವುದನ್ನು ಹೇಗೆ ಗುರುತಿಸುವುದು?

ಹಸಿರುಪೆನ್ನು

ವಿಷಯ ಎಲ್ಲಿದೆ ಅಂತ ಕೇಳಿ. ಹಣಕಾಸು ಪಟ್ಟಿಯಲ್ಲೇ (ಫೈನಾನ್ಶಿಯಲ್ ಸ್ಟೇಟ್‌ಮೆಂಟ್) ಸರಿಯಾಗಿ ತಿಳಿಸಿದ್ದು, ಓದುಗನಿಗೆ ಅದು ಮೂಲಭೂತವಾಗಿದ್ದರೆ ಎಂಫಸಿಸ್ ಆಫ್ ಮ್ಯಾಟರ್. ಪಟ್ಟಿಯಲ್ಲಿ ಇಲ್ಲದ, ಆದರೆ ಆಡಿಟ್ ಅಥವಾ ವರದಿಯನ್ನು ಅರ್ಥಮಾಡಿಕೊಳ್ಳಲು ಬೇಕಾದ ವಿಷಯವಾದರೆ ಅದರ್ ಮ್ಯಾಟರ್. ಹಿಂದಿನ ವರ್ಷದ ಲೆಕ್ಕವನ್ನು ಬೇರೆ ಆಡಿಟರ್ ಆಡಿಟ್ ಮಾಡಿದ್ದರು ಎನ್ನುವುದು ಇದಕ್ಕೆ ಉದಾಹರಣೆ. ಈ ವರ್ಷದ ಆಡಿಟ್‌ನಲ್ಲಿ ಅತ್ಯಂತ ಮಹತ್ವದ್ದೆಂದು ಆಡಿಟರ್ ಎಣಿಸಿದ್ದು, ಆಡಳಿತದ ಹೊಣೆ ಹೊತ್ತವರೊಂದಿಗೆ ಚರ್ಚಿಸಿದ ವಿಷಯಗಳಿಂದಲೇ ಆಯ್ದದ್ದು ಕೀ ಆಡಿಟ್ ಮ್ಯಾಟರ್. ಎಸ್‌ಎ 701 ಲಿಸ್ಟೆಡ್ ಸಂಸ್ಥೆಗಳಿಗೆ. ಈ ಮೂರರಲ್ಲಿ ಯಾವುದೂ ಮಾಡಿಫೈಡ್ ಒಪಿನಿಯನ್‌ಗೆ ಬದಲಿ ಅಲ್ಲ. ಕ್ವಾಲಿಫೈ ಮಾಡಬೇಕಾದ್ದನ್ನು ಎಂಫಸಿಸ್‌ಗೆ ತಳ್ಳಿದ ಆಡಿಟರ್ ಸರಿಯೇ ಎಂಬ ಪ್ರಶ್ನೆ ಬೇರೆಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ.

ಪರ್ವೇಸಿವ್‌ಗೆ ಹೀಗೆ ಯೋಚಿಸಿ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ತೆಗೆದಿಟ್ಟು ಉಳಿದದ್ದು ಉಣ್ಣಬಹುದು. ಅದು ಮೆಟೀರಿಯಲ್, ಆದರೆ ಪರ್ವೇಸಿವ್ ಅಲ್ಲ, ಹಾಗಾಗಿ 'ಎಕ್ಸೆಪ್ಟ್ ಫಾರ್' ಎನ್ನುವ ಕ್ವಾಲಿಫೈಡ್ ಒಪಿನಿಯನ್. ಹಾಲಿಗೆ ಹುಳಿ ಬಿದ್ದರೆ ಪಾತ್ರೆಯಷ್ಟೂ ಕೆಟ್ಟಿತು. ಅದು ಪರ್ವೇಸಿವ್. ಉತ್ತರದಲ್ಲಿ ಬರೆಯಬೇಕಾದ ಮೂರು ಪರೀಕ್ಷೆ: ದೋಷ ನಿರ್ದಿಷ್ಟ ಖಾತೆಗಳಿಗೆ ಸೀಮಿತವಾಗಿಲ್ಲ, ಸೀಮಿತವಾಗಿದ್ದರೂ ಅದು ಪಟ್ಟಿಯ ದೊಡ್ಡ ಭಾಗ, ಡಿಸ್‌ಕ್ಲೋಶರ್ ಆದರೆ ಓದುಗನ ತಿಳಿವಳಿಕೆಗೆ ಮೂಲಭೂತ. ಒಂದು ಹೊಂದಿದರೂ ಸಾಕು. ಆಧಾರ ಸಿಕ್ಕಿದೆ, ತಪ್ಪು ಕಂಡಿದೆ ಅಂದರೆ ಅಡ್ವರ್ಸ್. ಆಧಾರವೇ ಸಿಕ್ಕಿಲ್ಲ, ಪರಿಣಾಮ ಪರ್ವೇಸಿವ್ ಇರಬಹುದು ಅಂದರೆ ಡಿಸ್‌ಕ್ಲೇಮರ್, ಅಂದರೆ ಅಭಿಪ್ರಾಯವನ್ನೇ ಕೊಡದಿರುವುದು.

ಶೆಡ್ಯೂಲ್_ಎರಡು

ಎಥಿಕ್ಸ್ ಬಗ್ಗೆ ನಾನು ಬರೆಯುತ್ತೇನೆ. ಮೊದಲು ನಕ್ಷೆ ತಲೆಯಲ್ಲಿ ಕೂರಲಿ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಲ್ಲಿ ವೃತ್ತಿ ದುರ್ನಡತೆ ಪಟ್ಟಿ ಮಾಡುವ ಮೊದಲ ಶೆಡ್ಯೂಲ್‌ನಲ್ಲಿ ನಾಲ್ಕು ಭಾಗ: ಪ್ರಾಕ್ಟೀಸ್‌ನಲ್ಲಿರುವವರಿಗೆ 12 ಕ್ಲಾಸ್, ನೌಕರಿಯಲ್ಲಿರುವವರಿಗೆ 2, ಎಲ್ಲ ಸದಸ್ಯರಿಗೂ 3, ಇತರ ದುರ್ನಡತೆ 2. ಎರಡನೇ ಶೆಡ್ಯೂಲ್‌ನಲ್ಲಿ ಮೂರು ಭಾಗ: 10, 4, 1. ಉತ್ತರದಲ್ಲಿ ಕ್ಲಾಸ್, ಭಾಗ, ಶೆಡ್ಯೂಲ್ ಮೂರೂ ಬೇಕು. 'ಕ್ಲಾಸ್ 7' ಎಂದಷ್ಟೇ ಬರೆದರೆ ಅದು ಮೊದಲ ಶೆಡ್ಯೂಲ್‌ನ ಜಾಹೀರಾತೋ, ಎರಡನೆಯದರ ನಿರ್ಲಕ್ಷ್ಯವೋ ತಿಳಿಯುವುದಿಲ್ಲ.

ಕ್ಲಾಸ್‌ಗಳನ್ನು ಒಂದೊಂದಾಗಿ ಉರು ಹೊಡೆಯಬೇಡಿ, ಜೋಡಿ ಮಾಡಿ ಓದಿ. ಗೊಂದಲವಾಗುವುದು ಜೋಡಿಗಳಲ್ಲೇ.

ಮೊದಲ ಶೆಡ್ಯೂಲ್, ಭಾಗ 1ರ ಕ್ಲಾಸ್ 6 ಮತ್ತು 7: ಕೆಲಸ ಕೇಳಿಕೊಂಡು ಹೋದರೆ 6. ತನ್ನ ಸಾಧನೆಯನ್ನು ಪ್ರಚಾರ ಮಾಡಿದರೆ, ಅಥವಾ ವಿಸಿಟಿಂಗ್ ಕಾರ್ಡ್‌ನಲ್ಲಿ 'ಟ್ಯಾಕ್ಸ್ ಕನ್ಸಲ್ಟೆಂಟ್' ಎಂದು ಹಾಕಿಕೊಂಡರೆ 7.

ಕ್ಲಾಸ್ 8 ಮತ್ತು 9: ಹಿಂದಿನ ಆಡಿಟರ್‌ಗೆ ಬರಹದಲ್ಲಿ ತಿಳಿಸದೆ ಒಪ್ಪಿಕೊಂಡರೆ 8. ಕಂಪನಿ ಕಾಯ್ದೆಯ ನೇಮಕದ ನಿಯಮಗಳನ್ನು, ಅಂದರೆ ಈಗ 2013ರ ಕಾಯ್ದೆಯ 139 ಮತ್ತು 140ನೇ ಸೆಕ್ಷನ್‌ಗಳನ್ನು, ಪಾಲಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳದೆ ಒಪ್ಪಿಕೊಂಡರೆ 9. 8ರಲ್ಲಿ ಪತ್ರ ತಲುಪಿದ್ದಕ್ಕೆ ಪುರಾವೆ ಬೇಕು. ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಪೋಸ್ಟ್, ಅಥವಾ ಕೈಯಲ್ಲಿ ಕೊಟ್ಟು ಪಡೆದ ಲಿಖಿತ ಸ್ವೀಕೃತಿ ಆಗುತ್ತದೆ. ಕಳಿಸಿದ್ದೇನೆ ಎನ್ನುವ ಪೋಸ್ಟಿಂಗ್ ಸರ್ಟಿಫಿಕೇಟ್ ಸಾಲದು. ಇದು ಸ್ಟ್ಯಾಚುಟರಿ ಆಡಿಟ್‌ಗೆ ಮಾತ್ರ ಎಂದು ಬರೆಯಬೇಡಿ, ಟ್ಯಾಕ್ಸ್ ಆಡಿಟ್‌ಗೂ ಸಲ್ಲುತ್ತದೆ.

ಎರಡನೇ ಶೆಡ್ಯೂಲ್, ಭಾಗ 1ರ ಕ್ಲಾಸ್ 5 ಮತ್ತು 6: ಗೊತ್ತಿದ್ದ ಮುಖ್ಯ ಸಂಗತಿಯನ್ನು ಪಟ್ಟಿಯಲ್ಲೂ ಹೇಳಿಲ್ಲ, ಆಡಿಟರೂ ಹೇಳಲಿಲ್ಲ ಅಂದರೆ 5. ಪಟ್ಟಿಯಲ್ಲಿ ತಪ್ಪಾಗಿ ತೋರಿಸಿದ್ದು ಗೊತ್ತಿದ್ದೂ ವರದಿ ಮಾಡಲಿಲ್ಲ ಅಂದರೆ 6. ಗೊತ್ತೇ ಇರಲಿಲ್ಲ, ಆದರೆ ಎಚ್ಚರದಿಂದ ಕೆಲಸ ಮಾಡಿದ್ದರೆ ಗೊತ್ತಾಗಬೇಕಿತ್ತು ಅಂದರೆ 7. ಪ್ರಶ್ನೆಯಲ್ಲಿ 'ಆಡಿಟರ್‌ಗೆ ತಿಳಿದಿತ್ತು' ಎಂಬ ಅರ್ಥದ ಮಾತು ಇದೆಯೇ ಎಂದು ಹುಡುಕಿ. ಇಡೀ ಉತ್ತರ ಅದರ ಮೇಲೆ ನಿಂತಿರುತ್ತದೆ.

ಇನ್ನೊಂದು ಜೋಡಿ: ಕೋರ್ಟ್ ತಪ್ಪಿತಸ್ಥನೆಂದ ಅಪರಾಧಕ್ಕೆ ಆರು ತಿಂಗಳು ಮೀರದ ಸೆರೆವಾಸದ ಶಿಕ್ಷೆಯಿದ್ದರೆ ಮೊದಲ ಶೆಡ್ಯೂಲ್‌ನ ಭಾಗ 4. ಆರು ತಿಂಗಳು ಮೀರಿದರೆ ಎರಡನೇ ಶೆಡ್ಯೂಲ್‌ನ ಭಾಗ 3.

ಶೆಡ್ಯೂಲ್ ಹೊರಗಿನದ್ದನ್ನೂ ಬಿಡಬೇಡಿ. ಸಿಎ ಇನ್‌ಸ್ಟಿಟ್ಯೂಟ್ ಕೌನ್ಸಿಲ್‌ನ 2008ರ ಮಾರ್ಗಸೂಚಿಯಂತೆ ಹಿಂದಿನ ಆಡಿಟರ್‌ಗೆ ವಿವಾದವಿಲ್ಲದ ಆಡಿಟ್ ಫೀ ಬಾಕಿ ಇದ್ದರೆ ನೇಮಕ ಒಪ್ಪುವಂತಿಲ್ಲ. ಸಿಕ್ ಯೂನಿಟ್‌ಗೆ ವಿನಾಯಿತಿ. ಕಂಪನಿ ಮತ್ತು ಆಡಿಟರ್ ಇಬ್ಬರೂ ಸಹಿ ಮಾಡಿದ ಲೆಕ್ಕದಲ್ಲಿ ಫೀಗೆ ಪ್ರಾವಿಷನ್ ಇದ್ದರೆ ಅದನ್ನು ವಿವಾದವಿಲ್ಲದ್ದು ಎಂದೇ ಎಣಿಸುತ್ತಾರೆ. ಯುಡಿಐಎನ್ (ಸಿಎ ಸಹಿ ಮಾಡಿದ ದಾಖಲೆಯ ಗುರುತಿನ ಸಂಖ್ಯೆ) 18 ಅಂಕಿಯದು, ಸಹಿ ಹಾಕಿದ 60 ದಿನದೊಳಗೆ ಪಡೆಯಬೇಕು. ಇವೆಲ್ಲ ಎಂಸಿಕ್ಯುಗೆ ಹೇಳಿ ಮಾಡಿಸಿದಂಥವು.

ಮಲೆನಾಡ_ಆಡಿಟರ್

ಕ್ಯಾರೊ 2020ರಲ್ಲಿ 21 ಕ್ಲಾಸ್ ಇವೆ. ಬಹಳ ಜನ ನೇರ ಕ್ಲಾಸ್‌ಗಳಿಗೆ ಹಾರುತ್ತಾರೆ. ಪ್ರಶ್ನೆ ಮಾತ್ರ ಅನ್ವಯವಾಗುತ್ತದೆಯೇ ಎಂಬಲ್ಲೇ ನಿಂತಿರುತ್ತದೆ. ಪ್ರೈವೇಟ್ ಕಂಪನಿಗೆ ವಿನಾಯಿತಿ ಸಿಗಲು ಎಲ್ಲ ಷರತ್ತೂ ಒಟ್ಟಿಗೆ ಪೂರೈಸಬೇಕು: ಪಬ್ಲಿಕ್ ಕಂಪನಿಯ ಹೋಲ್ಡಿಂಗ್ ಅಥವಾ ಸಬ್ಸಿಡಿಯರಿ ಆಗಿರಬಾರದು, ಪೇಡ್ ಅಪ್ ಕ್ಯಾಪಿಟಲ್ ಮತ್ತು ರಿಸರ್ವ್ ಸೇರಿ ಬ್ಯಾಲೆನ್ಸ್ ಶೀಟ್ ದಿನ 1 ಕೋಟಿ ಮೀರಬಾರದು, ಬ್ಯಾಂಕ್ ಅಥವಾ ಹಣಕಾಸು ಸಂಸ್ಥೆಯ ಸಾಲ ವರ್ಷದ ಯಾವ ಹೊತ್ತಿನಲ್ಲೂ 1 ಕೋಟಿ ಮೀರಬಾರದು, ಒಟ್ಟು ಆದಾಯ ವರ್ಷಕ್ಕೆ 10 ಕೋಟಿ ಮೀರಬಾರದು. ಬಂಡವಾಳಕ್ಕೆ ಒಂದು ದಿನದ ಲೆಕ್ಕ, ಸಾಲಕ್ಕೆ ಇಡೀ ವರ್ಷದ ಲೆಕ್ಕ. ಡಿಸೆಂಬರ್‌ನಲ್ಲಿ 1.20 ಕೋಟಿ ಇದ್ದ ಸಾಲವನ್ನು ಮಾರ್ಚ್‌ಗೆ 80 ಲಕ್ಷಕ್ಕೆ ಇಳಿಸಿದ ಕಂಪನಿಗೆ ವಿನಾಯಿತಿ ಇಲ್ಲ. ಒಂದು ಷರತ್ತು ತಪ್ಪಿದರೂ ಕ್ಯಾರೊ ಬಂತು.

ಕ್ಲಾಸ್‌ಗಳಲ್ಲಿ ಅಂಕಿ ಇರುವವನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ರಿವ್ಯಾಲ್ಯುಯೇಷನ್‌ನಿಂದ ಆ ವರ್ಗದ ಆಸ್ತಿಯ ನಿವ್ವಳ ಮೌಲ್ಯ 10% ಅಥವಾ ಹೆಚ್ಚು ಬದಲಾದರೆ ಮೊತ್ತ ಹೇಳಬೇಕು. ಸ್ಟಾಕ್ ವ್ಯತ್ಯಾಸ ಪ್ರತಿ ವರ್ಗಕ್ಕೆ 10% ಅಥವಾ ಹೆಚ್ಚು. ಬಾಕಿ ಉಳಿದ ಸ್ಟ್ಯಾಚುಟರಿ ಡ್ಯೂಸ್ ಆರು ತಿಂಗಳು ಮೀರಿದ್ದು. ವರ್ಕಿಂಗ್ ಕ್ಯಾಪಿಟಲ್ 5 ಕೋಟಿಗಿಂತ ಹೆಚ್ಚು ಬಳಸಿದ್ದರೆ ತ್ರೈಮಾಸಿಕ ರಿಟರ್ನ್ ತಾಳೆ ನೋಡಬೇಕು.

ತಾಳೆಪಟ್ಟಿ

ಕೊನೆಯದನ್ನು ತಿದ್ದಬೇಕು ಸರ್. ಬಳಸಿದ್ದಲ್ಲ, ಮಂಜೂರಾದ ಮಿತಿ. ಕರೆಂಟ್ ಅಸೆಟ್‌ಗಳ ಭದ್ರತೆಯ ಮೇಲೆ, ಎಲ್ಲ ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳದ್ದೂ ಸೇರಿ, ವರ್ಷದ ಯಾವುದೇ ಹೊತ್ತಿನಲ್ಲಿ 5 ಕೋಟಿಗಿಂತ ಹೆಚ್ಚು ಮಂಜೂರಾಗಿದ್ದರೆ ಕ್ಲಾಸ್ ಅನ್ವಯ. 6 ಕೋಟಿ ಮಂಜೂರಾಗಿ 2 ಕೋಟಿ ಮಾತ್ರ ಬಳಸಿದ್ದರೂ ವರದಿ ಬೇಕು.

ಮಲೆನಾಡ_ಆಡಿಟರ್

ಹೌದು, ಮಂಜೂರಾದದ್ದೇ ಸರಿ. ತಿದ್ದಿದ್ದಕ್ಕೆ ಧನ್ಯವಾದ. ಕನ್ಸಾಲಿಡೇಟೆಡ್ (ಸಬ್ಸಿಡಿಯರಿಗಳನ್ನೂ ಸೇರಿಸಿದ) ಪಟ್ಟಿಗೆ 21ನೇ ಕ್ಲಾಸ್ ಮಾತ್ರ ಎಂಬುದನ್ನೂ ಸೇರಿಸಿಕೊಳ್ಳಿ.

ಫ್ರಾಡ್ ವರದಿಯ ದಿನಗಳೂ ಕಲಸಿಹೋಗುತ್ತವೆ. ಕಂಪನಿ ಕಾಯ್ದೆಯ ಸೆಕ್ಷನ್ 143(12)ರಡಿ ಮೊತ್ತ 1 ಕೋಟಿ ಅಥವಾ ಹೆಚ್ಚಾದರೆ ತಿಳಿದ 2 ದಿನದೊಳಗೆ ಬೋರ್ಡ್ ಅಥವಾ ಆಡಿಟ್ ಕಮಿಟಿಗೆ, ಅವರ ಉತ್ತರಕ್ಕೆ 45 ದಿನ, ಉತ್ತರ ಬಂದ 15 ದಿನದೊಳಗೆ ಎಡಿಟಿ-4 ನಮೂನೆಯಲ್ಲಿ ಕೇಂದ್ರ ಸರ್ಕಾರಕ್ಕೆ. 1 ಕೋಟಿಗಿಂತ ಕಡಿಮೆಯಾದರೆ 2 ದಿನದೊಳಗೆ ಬೋರ್ಡ್ ಅಥವಾ ಆಡಿಟ್ ಕಮಿಟಿಗೆ ತಿಳಿಸಿದರೆ ಮುಗಿಯಿತು. ಇಲ್ಲಿ ಫ್ರಾಡ್ ಎಂದರೆ ಕಂಪನಿಯ ಅಧಿಕಾರಿ ಅಥವಾ ನೌಕರ ಕಂಪನಿಗೇ ಮಾಡಿದ ಮೋಸ. ಹೊರಗಿನವರು ಮಾಡಿದ್ದೆಂದು ಪ್ರಶ್ನೆಯಲ್ಲಿದ್ದರೆ ಈ ಸೆಕ್ಷನ್ ಹಚ್ಚುವ ಮುನ್ನ ನಿಲ್ಲಿ.

ಕರಾವಳಿ_ಬ್ರಾಂಚ್

ಬ್ಯಾಂಕ್ ಆಡಿಟ್‌ನಲ್ಲಿ ಎನ್‌ಪಿಎ (ಸರಿಯಾಗಿ ಮರುಪಾವತಿ ಆಗದ ಸಾಲ) ಗುರುತಿಸುವುದು ಮತ್ತು ಪ್ರಾವಿಷನ್ (ನಷ್ಟಕ್ಕೆಂದು ಎತ್ತಿಡುವ ಮೊತ್ತ) ಲೆಕ್ಕ ಗಟ್ಟಿಯಾದರೆ ಬಹುಪಾಲು ಗೆದ್ದಂತೆ. ಕ್ಯಾಶ್ ಕ್ರೆಡಿಟ್ ಖಾತೆಯಲ್ಲಿ ಮಂಜೂರಾತಿ 50 ಲಕ್ಷ, ಡ್ರಾಯಿಂಗ್ ಪವರ್ (ಸ್ಟಾಕ್ ಮುಂತಾದ ಭದ್ರತೆಯ ಮೇಲೆ ತೆಗೆಯಬಹುದಾದ ಮೊತ್ತ) 40 ಲಕ್ಷ, ಬಾಕಿ 90 ದಿನ ಬಿಡದೆ 45 ಲಕ್ಷ ಅಂದುಕೊಳ್ಳಿ. ಮಂಜೂರಾತಿಯೊಳಗೇ ಇದೆ ಎಂದು ಸ್ಟ್ಯಾಂಡರ್ಡ್ (ಸುಸ್ಥಿತಿಯ ಸಾಲ) ಅನ್ನಬೇಡಿ. ಹೋಲಿಸಬೇಕಾದದ್ದು ಎರಡರಲ್ಲಿ ಕಡಿಮೆಯದಕ್ಕೆ. ಖಾತೆ ಔಟ್ ಆಫ್ ಆರ್ಡರ್, ಆದ್ದರಿಂದ ಎನ್‌ಪಿಎ. 90 ದಿನ ಜಮೆಯೇ ಇಲ್ಲದಿದ್ದರೂ, ಜಮೆ ಬಡ್ಡಿಗೆ ಸಾಲದಿದ್ದರೂ ಹಾಗೆಯೇ. ಮೂರು ತಿಂಗಳಿಗಿಂತ ಹಳೆಯ ಸ್ಟಾಕ್ ಸ್ಟೇಟ್‌ಮೆಂಟ್ ಮೇಲೆ ಡ್ರಾಯಿಂಗ್ ಪವರ್ ಲೆಕ್ಕ ಹಾಕಿದ್ದರೆ ಆ ಡ್ರಾಯಿಂಗ್ ಅನಿಯಮಿತ. ಬೆಳೆ ಸಾಲಕ್ಕೆ 90 ದಿನ ಹಚ್ಚಬೇಡಿ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು.

ಪ್ರಾವಿಷನ್ (ಎನ್‌ಪಿಎ ಹಳೆಯದಾದಂತೆ ಸಬ್‌ಸ್ಟ್ಯಾಂಡರ್ಡ್, ಆಮೇಲೆ ಡೌಟ್‌ಫುಲ್): ಸಬ್‌ಸ್ಟ್ಯಾಂಡರ್ಡ್‌ಗೆ 15%, ಭದ್ರತೆ ಇಲ್ಲದ ಸಾಲಕ್ಕೆ 25%. ಡೌಟ್‌ಫುಲ್‌ನಲ್ಲಿ ಭದ್ರತೆಯ ಭಾಗಕ್ಕೆ ಒಂದು ವರ್ಷದವರೆಗೆ 25%, ಒಂದರಿಂದ ಮೂರು ವರ್ಷ 40%, ಆಮೇಲೆ 100%. ಭದ್ರತೆ ಇಲ್ಲದ ಭಾಗಕ್ಕೆ ಯಾವಾಗಲೂ 100%. ಎರಡು ವರ್ಷದಿಂದ ಡೌಟ್‌ಫುಲ್ ಇರುವ ಖಾತೆ, ಬಾಕಿ 10 ಲಕ್ಷ, ಭದ್ರತೆ 6 ಲಕ್ಷ ಎಂದಾದರೆ 6 ಲಕ್ಷದ 40% ಅಂದರೆ 2.40 ಲಕ್ಷ, ಜೊತೆಗೆ ಉಳಿದ 4 ಲಕ್ಷ ಪೂರ್ತಿ, ಒಟ್ಟು 6.40 ಲಕ್ಷ. ವರ್ಷವನ್ನು ಎನ್‌ಪಿಎ ಆದ ದಿನದಿಂದಲ್ಲ, ಡೌಟ್‌ಫುಲ್ ಆದ ದಿನದಿಂದ ಎಣಿಸಿ. ಎನ್‌ಪಿಎ ಆಗಿ ಮೊದಲ 12 ತಿಂಗಳು ಸಬ್‌ಸ್ಟ್ಯಾಂಡರ್ಡ್‌ನಲ್ಲೇ ಕಳೆಯುತ್ತದೆ. ಭದ್ರತೆಯ ಮೌಲ್ಯ ಅರ್ಧಕ್ಕಿಂತ ಕುಸಿದಿದೆ ಎಂದು ಪ್ರಶ್ನೆಯಲ್ಲಿದ್ದರೆ ಆ ಹಂತ ದಾಟಿ ನೇರ ಡೌಟ್‌ಫುಲ್. ಭದ್ರತೆ ಬಾಕಿಯ 10%ಗಿಂತ ಕಡಿಮೆಯಾದರೆ ಲಾಸ್.

ಗುಬ್ಬಿ_ಲೆಡ್ಜರ್

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಋಣಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಬರವಣಿಗೆಯದೇ ಭಯ. ಅದಕ್ಕೆ ಏನು ಮಾಡಬಹುದು?

ಹಸಿರುಪೆನ್ನು

ಸಿಎ ಪರೀಕ್ಷೆ ಬರೆಯಲು ಇರುವುದು ಇಂಗ್ಲಿಷ್ ಮತ್ತು ಹಿಂದಿ ಮಾತ್ರ. ಕನ್ನಡದಲ್ಲೂ ಅವಕಾಶ ಇರಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಈ ಪೇಪರಿಗೆ ಸೊಗಸಾದ ಇಂಗ್ಲಿಷ್ ಬೇಡ. ಸ್ಟ್ಯಾಂಡರ್ಡ್‌ಗಳಲ್ಲಿ ಮತ್ತೆ ಮತ್ತೆ ಬರುವ ಐವತ್ತು ಅರವತ್ತು ನುಡಿಗಟ್ಟು ಬಾಯಲ್ಲಿದ್ದರೆ ಸಾಕು. ಅರ್ಥವನ್ನು ಕನ್ನಡದಲ್ಲಿ ಮಾಡಿಕೊಳ್ಳಿ, ನುಡಿಗಟ್ಟನ್ನು ಇದ್ದ ಹಾಗೇ ಬರೆಯಿರಿ. 'ಸಫಿಶಿಯಂಟ್ ಅಪ್ರೋಪ್ರಿಯೇಟ್ ಆಡಿಟ್ ಎವಿಡೆನ್ಸ್' ತೆಗೆದುಕೊಳ್ಳಿ. ಸಫಿಶಿಯಂಟ್ ಎಂದರೆ ಪ್ರಮಾಣ, ಅಪ್ರೋಪ್ರಿಯೇಟ್ ಎಂದರೆ ಗುಣ, ಅಂದರೆ ಪ್ರಸ್ತುತವೂ ನಂಬಲರ್ಹವೂ ಆಗಿರುವುದು. ಇದು ಒಮ್ಮೆ ಕನ್ನಡದಲ್ಲಿ ಕೂತರೆ 'ಇನ್ನೂರು ಇನ್‌ವಾಯ್ಸ್ ನೋಡಿದ್ದಾರೆ, ಎಲ್ಲವೂ ಕಂಪನಿಯೇ ತಯಾರಿಸಿದ್ದು, ಸಾಕೇ?' ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಬರುತ್ತದೆ. ವಾಕ್ಯ ಚಿಕ್ಕದಿರಲಿ, ಒಂದು ವಾಕ್ಯಕ್ಕೆ ಒಂದೇ ಅಂಶ. ದಿನಕ್ಕೆ ಎರಡು ಪ್ರಶ್ನೆ ಗಡಿಯಾರ ಇಟ್ಟುಕೊಂಡು ಕೈಯಲ್ಲಿ ಬರೆದು, ಸಜೆಸ್ಟೆಡ್ ಆನ್ಸರ್ ಪಕ್ಕಕ್ಕಿಟ್ಟು ಬಿಟ್ಟುಹೋದ ನುಡಿಗಟ್ಟಿಗೆ ಕೆಂಪು ಗೆರೆ ಹಾಕಿ. ಮೂರು ವಾರದಲ್ಲಿ ಗೆರೆ ಕಡಿಮೆಯಾಗುತ್ತವೆ.

ಹಿಂದಿನ ಅಟೆಂಪ್ಟ್ ಇದ್ದರೆ ಇನ್‌ಸ್ಟಿಟ್ಯೂಟ್‌ನಿಂದ ನಿಮ್ಮ ಉತ್ತರ ಪತ್ರಿಕೆಯ ಸರ್ಟಿಫೈಡ್ ಕಾಪಿ ತರಿಸಿಕೊಳ್ಳಿ. ಯಾವ ಉಪಪ್ರಶ್ನೆಗೆ ಎಷ್ಟು ಕೊಟ್ಟಿದ್ದಾರೆ ಎನ್ನುವುದಕ್ಕಿಂತ ಒಳ್ಳೆಯ ಗುರು ಇಲ್ಲ.

ಶೆಡ್ಯೂಲ್_ಎರಡು

ಓದಬೇಕಾದದ್ದರ ಅನುಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಸ್ಟಡಿ ಮೆಟೀರಿಯಲ್, ಆಮೇಲೆ ನಿಮ್ಮ ಅಟೆಂಪ್ಟ್‌ನ ಆರ್‌ಟಿಪಿ (ಇನ್‌ಸ್ಟಿಟ್ಯೂಟ್‌ನ ರಿವಿಷನ್ ಟೆಸ್ಟ್ ಪೇಪರ್), ಅದರ ಎಂಟಿಪಿಗಳು (ಮಾಕ್ ಟೆಸ್ಟ್ ಪೇಪರ್), ಕೊನೆಗೆ 2024ರ ಮೇ ನಂತರದ ಹೊಸ ಸ್ಕೀಮ್ ಪೇಪರ್‌ಗಳು. ಹಳೆ ಸ್ಕೀಮ್ ಪ್ರಶ್ನೆಗಳನ್ನು ಬಿಡಿಸುವುದಾದರೆ ಕ್ಯಾರೊ 2016ರ ಉತ್ತರಗಳನ್ನು ಕಣ್ಣುಮುಚ್ಚಿ ನಂಬಬೇಡಿ. ತಿದ್ದುಪಡಿ ಯಾವುದು ಅನ್ವಯ ಎಂಬುದಕ್ಕೆ ಟೆಲಿಗ್ರಾಂ ಗುಂಪಿನ ಮಾತು ಬೇಡ, ಆರ್‌ಟಿಪಿ ನೋಡಿ.

ಇಎಸ್‌ಜಿ (ಪರಿಸರ, ಸಮಾಜ, ಆಡಳಿತ), ಡಿಜಿಟಲ್ ಆಡಿಟಿಂಗ್, ಸಾರ್ವಜನಿಕ ಉದ್ಯಮಗಳ ಆಡಿಟ್ ಇವನ್ನು ಕೊನೆಗೆಂದು ದೂಡಬೇಡಿ. ಪುಟ ಕಡಿಮೆ, ಪ್ರಶ್ನೆ ನೇರ. 1,000 ದೊಡ್ಡ ಲಿಸ್ಟೆಡ್ ಕಂಪನಿಗಳಿಗೆ ಬಿಆರ್‌ಎಸ್‌ಆರ್ (ವ್ಯವಹಾರ ಹೊಣೆ ಮತ್ತು ಸುಸ್ಥಿರತೆಯ ವರದಿ) 2022-23ರಿಂದ ಕಡ್ಡಾಯ, ಅದರಲ್ಲಿ ಒಂಬತ್ತು ತತ್ವ. ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಆಡಿಟ್ ಟ್ರಯಲ್ (ಪ್ರತಿ ಬದಲಾವಣೆಯ ದಾಖಲೆ) 2023ರ ಏಪ್ರಿಲ್ 1ರಿಂದ ಕಡ್ಡಾಯ. ಸರ್ಕಾರಿ ಕಂಪನಿಗಳಲ್ಲಿ ಸಿಎಜಿಯ (ಮಹಾಲೇಖಪಾಲರ) ಪೂರಕ ಆಡಿಟ್, ಆಡಿಟರ್ ವರದಿ ಅವರ ಕೈಸೇರಿದ 60 ದಿನದೊಳಗೆ.

ತಾಳೆಪಟ್ಟಿ

ಪರೀಕ್ಷೆಯ ಹಿಂದಿನ ದಿನದ ಬಗ್ಗೆ ಒಂದು ಮಾತು. ಪೇಪರ್‌ಗಳ ನಡುವೆ ಸಾಮಾನ್ಯವಾಗಿ ಸಿಗುವುದು ಒಂದೇ ದಿನದ ಬಿಡುವು, ಪರೀಕ್ಷೆ ಮಧ್ಯಾಹ್ನ 2ಕ್ಕೆ. ಕೈಯಲ್ಲಿರುವುದು ಹದಿನಾಲ್ಕು ಹದಿನೈದು ಗಂಟೆ ಓದು. ಅಷ್ಟರಲ್ಲಿ ಮುಗಿಯದ ನೋಟ್ಸ್ ಎಷ್ಟು ಚೆನ್ನಾಗಿದ್ದರೂ ಆ ದಿನ ಕೆಲಸಕ್ಕೆ ಬಾರದು. ಈಗಲೇ ಒಮ್ಮೆ ಗಡಿಯಾರ ಇಟ್ಟು ಓದಿ ನೋಡಿ, ಮೀರಿದರೆ ಕತ್ತರಿಸಿ. ಹಿಂದಿನ ದಿನ ಎಸ್‌ಎ, ಕ್ಯಾರೊ, ಬ್ಯಾಂಕ್. ಪರೀಕ್ಷೆಯ ಬೆಳಿಗ್ಗೆ ಎಥಿಕ್ಸ್ ಮತ್ತು ಆ ಅಂಕಿಗಳ ಹಾಳೆ.

1.45ರಿಂದ 2ರವರೆಗಿನ ಓದುವ ಸಮಯದಲ್ಲಿ ಯಾವ ಒಂದು ಪ್ರಶ್ನೆ ಬಿಡಬೇಕು ಎಂದು ತೀರ್ಮಾನಿಸಿ. ಒಂದು ಉಪಪ್ರಶ್ನೆ ಚೆನ್ನಾಗಿ ಬರುತ್ತದೆ ಎಂದು ಪ್ರಶ್ನೆ ಆರಿಸಬೇಡಿ, ಮೂರರಲ್ಲಿ ಎರಡಾದರೂ ಖಚಿತವಿರಬೇಕು. ಎಂಸಿಕ್ಯು ಉತ್ತರಗಳನ್ನು ಒಎಂಆರ್‌ಗೆ ಕೊನೆಯಲ್ಲಿ ಒಟ್ಟಿಗೆ ತುಂಬುತ್ತೇನೆ ಎಂದು ಇಟ್ಟುಕೊಳ್ಳಬೇಡಿ, ಒಂದು ಕೇಸ್ ಮುಗಿದ ಕೂಡಲೇ ತುಂಬಿ.

ಗುಬ್ಬಿ_ಲೆಡ್ಜರ್

ಅಂಕಿಗಳ ಹಾಳೆ ಇವತ್ತೇ ಶುರು ಮಾಡಿದೆ. ಕ್ಯಾರೊ, 143(12), ಪ್ರಾವಿಷನ್ ದರ, ಆಡಿಟ್ ಕಡತ ಜೋಡಿಸುವ ಎಸ್‌ಎ 230ರ 60 ದಿನ, ಅದನ್ನು ಕಾಪಾಡುವ 7 ವರ್ಷ ಇಷ್ಟು ಹಾಕಿದ್ದೇನೆ. ಬೇರೆ ಏನಾದರೂ ಬಿಟ್ಟಿದ್ದೇನಾ?

ಹಸಿರುಪೆನ್ನು

ಕಂಪನಿ ಕಾಯ್ದೆ 141(3)(ಜಿ)ಯಂತೆ ಒಬ್ಬರು ಆಡಿಟ್ ಮಾಡಬಹುದಾದ 20 ಕಂಪನಿ ಮಿತಿ, ಅದರ ಎಣಿಕೆಗೆ ಸೇರದ ಕಂಪನಿಗಳ ಪಟ್ಟಿ ಸಮೇತ. ಒಬ್ಬ ಸದಸ್ಯರಿಗೆ ವರ್ಷಕ್ಕೆ 60 ಟ್ಯಾಕ್ಸ್ ಆಡಿಟ್. ಎನ್‌ಬಿಎಫ್‌ಸಿಯ (ಬ್ಯಾಂಕೇತರ ಹಣಕಾಸು ಕಂಪನಿಯ) 50-50 ಪರೀಕ್ಷೆ: ಹಣಕಾಸು ಆಸ್ತಿ ಒಟ್ಟು ಆಸ್ತಿಯ ಅರ್ಧಕ್ಕಿಂತ ಹೆಚ್ಚು, ಅದರ ಆದಾಯವೂ ಒಟ್ಟು ಆದಾಯದ ಅರ್ಧಕ್ಕಿಂತ ಹೆಚ್ಚು, ಎರಡೂ ಒಟ್ಟಿಗೆ. ಎಸ್‌ಎ 580ರಂತೆ ಮ್ಯಾನೇಜ್‌ಮೆಂಟ್ ಕೊಡುವ ಲಿಖಿತ ಹೇಳಿಕೆ ಪತ್ರದ ತಾರೀಖು ವರದಿಯ ತಾರೀಖಿಗೆ ಆದಷ್ಟು ಹತ್ತಿರ, ಅದರ ನಂತರ ಮಾತ್ರ ಇರಬಾರದು. ಹಾಳೆ ಎರಡು ಪುಟ ಮೀರದಿರಲಿ.